ನಾರ್ತ್ ಕೆರೊಲೈನಾ ಯುದ್ಧನೌಕೆಯಲ್ಲಿ ರಾತ್ರಿ ದೆವ್ವದ ತಪಾಸಣೆ: ಮೀಟರಿನ ದೀಪ ಸುಮ್ಮಸುಮ್ಮನೆ ಹೊತ್ತಿಕೊಂಡರೆ ಏನು ಮಾಡೋದು?

ರಾಲಿ_ರಂಗಣ್ಣ:
ಅಮೆರಿಕದ ವಿಲ್ಮಿಂಗ್ಟನ್ನಿನ ಕೇಪ್ ಫಿಯರ್ ನದಿಯಲ್ಲಿ ನಿಂತಿರೋ, ಎರಡನೇ ಮಹಾಯುದ್ಧದ ಕಾಲದ ಯುಎಸ್‌ಎಸ್ ನಾರ್ತ್ ಕೆರೊಲೈನಾ ಹಡಗಿನೊಳಗೆ, ಹಡಗು ನೋಡಿಕೊಳ್ಳೋರ ಅನುಮತಿ ಪಡೆದು ಒಂದು ರಾತ್ರಿ ತಪಾಸಣೆ ಮಾಡೋ ಯೋಜನೆ ಇದೆ. ಆರು ಜನ. ಸಾಮಾನು: ಕೆ-2 ಮೀಟರ್ (ಕಾಂತಕ್ಷೇತ್ರ ಅಳೆದು ದೀಪ ಹೊತ್ತಿಸೋದು) ಎರಡು, ಪಿಸ್ತೂಲಿನ ಥರದ ಇನ್‌ಫ್ರಾರೆಡ್ ಥರ್ಮಾಮೀಟರ್, ವಾಯ್ಸ್ ರೆಕಾರ್ಡರ್ ಎರಡು, ಸ್ಪಿರಿಟ್ ಬಾಕ್ಸ್, ರಾತ್ರಿ ಕ್ಯಾಮೆರಾ, ವಾಕಿಟಾಕಿ. ಎಲ್ಲಾ ಕಡೆ ಉಕ್ಕೇ ಇರೋದರಿಂದ ಮೀಟರ್ ನಂಬಬಹುದಾ? ಸದ್ದುಗಳನ್ನ ಹೇಗೆ ವಿಂಗಡಿಸೋದು? ಅಮಾವಾಸ್ಯೆ ರಾತ್ರಿ ಹೋಗೋಣ ಅಂತ ಗುಂಪಲ್ಲಿ ಇಬ್ಬರ ಹಟ. ನೂರಾರು ಜನ ಸತ್ತ ಹಡಗು ಅಂತಾರೆ, ಯಾವ ಜಾಗದಲ್ಲಿ ಕೂತರೆ ಒಳ್ಳೇದು?

ಫ್ಯೂಸ್_ಕ್ಯಾರಿಯರ್:
ರಂಗಣ್ಣ, ಮೊದಲು ವಾಕಿಟಾಕಿ ಮನೇಲಿ ಬಿಡಿ. ಉಕ್ಕಿನ ಡೆಕ್ (ಹಡಗಿನ ಮಹಡಿ) ದಾಟಿ ಅದರ ಮಾತು ಕೇಳಿಸೋದು ಕಷ್ಟ. ಆದರೆ ಗುಂಡಿ ಒತ್ತಿದಾಗಲೆಲ್ಲ ಪಕ್ಕದಲ್ಲಿರೋ ಕೆ-2 ಮಾತ್ರ ದೀಪಾವಳಿ ಮಾಡುತ್ತೆ. ಮೊಬೈಲೂ ಅಷ್ಟೇ. ಒಳಗೆ ಟವರ್ ಸಿಗದೆ ಫೋನು ಇರೋ ಶಕ್ತಿಯೆಲ್ಲ ಹಾಕಿ ಹುಡುಕುತ್ತಿರುತ್ತೆ. ಮೀಟರ್ ಮಿನುಗೋದೂ ಅದಕ್ಕೇ, ಫೋನಿನ ಬ್ಯಾಟರಿ ಬೇಗ ಇಳಿಯೋದೂ ಅದಕ್ಕೇ. "ಆತ್ಮ ಬಂದು ಚಾರ್ಜ್ ಹೀರಿಬಿಡ್ತು" ಅನ್ನೋ ಮಾತಿನ ಅರ್ಧ ಜೀವ ಇಲ್ಲೇ ಹೋಯಿತು. ಆರೂ ಫೋನು ಏರ್‌ಪ್ಲೇನ್ ಮೋಡ್‌ನಲ್ಲಿರಲಿ, ವೈಫೈ, ಬ್ಲೂಟೂತ್ ಕೂಡ ಆಫ್. ವಾಕಿಟಾಕಿ ಬದಲು, ಪ್ರತಿ 45 ನಿಮಿಷಕ್ಕೆ ಇಂಥಾ ಕಡೆ ಸೇರೋದು ಅಂತ ಮೊದಲೇ ಮಾತಾಡಿಕೊಳ್ಳಿ.

ಕೆ-2ರಲ್ಲಿ ಎರಡು ತೊಂದರೆ. ಅದರ ದೀಪಗಳ ಗುರುತು 1.5, 2.5, 10, 20 ಮಿಲಿಗಾಸ್ (ಕಾಂತಕ್ಷೇತ್ರದ ಅಳತೆ). ಅಂದರೆ 3 ಇದ್ದರೂ 9 ಇದ್ದರೂ ಒಂದೇ ದೀಪ, ಬರೆದಿಡೋಕೆ ಸಂಖ್ಯೆಯೇ ಸಿಗಲ್ಲ. ಜೊತೆಗೆ ಅದು ಒಂದೇ ದಿಕ್ಕಿನಲ್ಲಿ ಅಳೆಯುತ್ತೆ, ಕೈ ಸ್ವಲ್ಪ ತಿರುಗಿದರೂ ದೀಪ ಬದಲಾಗುತ್ತೆ. ಟ್ರೈಫೀಲ್ಡ್ ಟಿಎಫ್2 ಥರದ, ಮೂರೂ ದಿಕ್ಕು ಒಟ್ಟಿಗೆ ಅಳೆದು ಅಂಕಿ ತೋರಿಸೋ ಮೀಟರ್ ಒಂದಿದ್ದರೆ ಸಾಕು, ಕೆ-2 ಎರಡೂ ಬೇಡ.

ಯಾವ ಮೀಟರ್ ಆದರೂ ಕೈಯಲ್ಲಿ ಹಿಡಿದು ಅಡ್ಡಾಡಬೇಡಿ. ಉಕ್ಕಿನ ಹಡಗಿಗೆ ತನ್ನದೇ ಕಾಂತತ್ವ ಇರುತ್ತೆ, ಅದು ಅಡಿಗಡಿಗೂ ಬೇರೆ. ಅದರ ನಡುವೆ ಮೀಟರ್ ಬೀಸಿದರೆ ಒಳಗಿನ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟೇ ಹುಟ್ಟುತ್ತೆ. ಮರದ್ದೋ ಪ್ಲಾಸ್ಟಿಕ್ಕಿಂದೋ ಸ್ಟ್ಯಾಂಡ್ ಮೇಲೆ ಇಟ್ಟು ಕೈ ತೆಗೆಯಿರಿ. ಫೋನಿನ "ಘೋಸ್ಟ್ ಡಿಟೆಕ್ಟರ್" ಆ್ಯಪ್‌ಗಳು ಬಳಸೋದು ದಿಕ್ಸೂಚಿಯ ಸೆನ್ಸರನ್ನ. ಉಕ್ಕಿನ ಹಡಗಲ್ಲಿ ಅದು ಕಂಬ ಕಂಬಕ್ಕೂ ದೆವ್ವ ತೋರಿಸುತ್ತೆ.

ರಾತ್ರಿ ಶುರು ಮಾಡೋ ಮುಂಚೆ, ಕೂರೋ ಪ್ರತಿ ಜಾಗದಲ್ಲೂ 10 ನಿಮಿಷ ಮೂಲ ಓದು (ಮೀಟರ್ ಮಾಮೂಲಾಗಿ ತೋರಿಸೋ ಅಂಕಿ) ತಗೊಳ್ಳಿ: ಪಾದದ ಮಟ್ಟ, ಸೊಂಟದ ಮಟ್ಟ, ತಲೆಯ ಮೇಲೆ. ಕೇಬಲ್ಲುಗಳು ಬಹಳಷ್ಟು ಸೂರಿನಲ್ಲೇ ಹೋಗೋದರಿಂದ ಮೇಲಿನ ಓದು ಜಾಸ್ತಿ ಬರೋದು ಸಹಜ. ರಾತ್ರಿ ಯಾವ ಲೈಟು, ಫ್ಯಾನು, ಪಂಪು ತಾನಾಗೇ ಶುರುವಾಗುತ್ತೆ ಅಂತ ಸಿಬ್ಬಂದಿಯನ್ನ ಕೇಳಿ ಬರೆದಿಟ್ಟುಕೊಳ್ಳಿ. ಮೋಟರ್ ಸ್ಟಾರ್ಟ್ ಆಗೋ ಕ್ಷಣದ ಏರಿಕೆ ನೋಡಿದರೆ ಎಂಥವರಿಗೂ ರೋಮಾಂಚನ ಆಗುತ್ತೆ. ಊರಿಂದ ತರಿಸಿದ, 50 ಹರ್ಟ್ಸ್‌ಗೆ ಮಾತ್ರ ಹೊಂದಿಸಿದ ಮೀಟರ್ ಇದ್ದರೆ ಬೇಡ, ಅಲ್ಲಿ ಕರೆಂಟು 60 ಹರ್ಟ್ಸ್.

ಥರ್ಮಾಮೀಟರ್ ವಿಷಯ. ಆ ಪಿಸ್ತೂಲು ಗಾಳಿಯ ಬಿಸಿ ಅಳೆಯೋದೇ ಇಲ್ಲ, ಎದುರಿರೋ ಗೋಡೆಯ ಮೇಲ್ಮೈ ಅಳೆಯುತ್ತೆ. ದೂರಕ್ಕೂ ಅಳೆಯೋ ಜಾಗದ ಅಗಲಕ್ಕೂ ಅನುಪಾತ 12:1 ಇದ್ದರೆ, 12 ಅಡಿ ದೂರದಲ್ಲಿ 1 ಅಡಿ ಅಗಲದ ವೃತ್ತದ ಸರಾಸರಿ. ಕೆಂಪು ಚುಕ್ಕೆ ಬಿದ್ದ ಜಾಗದ್ದಷ್ಟೇ ಅಲ್ಲ. ಬಣ್ಣ ಬಳಿದ ಉಕ್ಕಿಗೆ ಪರವಾಗಿಲ್ಲ. ಉಜ್ಜಿ ಹೊಳಪಿಸಿದ ಹಿತ್ತಾಳೆ ವಾಲ್ವಿನ ಕಡೆ ತೋರಿಸಿದರೆ ಅದು ಕನ್ನಡಿ ಇದ್ದ ಹಾಗೆ, ಎದುರು ನಿಂತವನ ಮೈ ಬಿಸಿಯನ್ನೇ ವಾಪಸ್ ಕೊಡುತ್ತೆ. ಅವನು ಪಕ್ಕಕ್ಕೆ ಸರಿದರೆ ಓದು ದಬಕ್ಕನೆ ಇಳಿಯುತ್ತೆ, ದೆವ್ವ ಇದ್ದ ಕಡೆ ತಣ್ಣಗಾಗುತ್ತೆ ಅನ್ನೋ "ಕೋಲ್ಡ್ ಸ್ಪಾಟ್" ಸಿಕ್ಕೇಬಿಡ್ತು! ಗಾಳಿಯ ಬಿಸಿಯನ್ನ ನಿಮಿಷಕ್ಕೊಮ್ಮೆ ತಾನೇ ಬರೆದುಕೊಳ್ಳೋ ಡೇಟಾ ಲಾಗರ್ ಮೂರು ತಗೊಳ್ಳಿ. ಎರಡು ಕೂರೋ ಜಾಗದಲ್ಲಿ, ಒಂದು ಯಾರೂ ಹೋಗದ ಜಾಗದಲ್ಲಿ. ಹೋಲಿಸೋಕೆ ಬೇಕಾಗಿರೋದು ಆ ಮೂರನೇದೇ.

ಸದ್ದುಗಾರ:
ಹಡಗು ರಾತ್ರಿಯಿಡೀ ಸದ್ದು ಮಾಡುತ್ತೆ, ಅದಕ್ಕೆ ಲೆಕ್ಕವೇ ಇದೆ. ಉದ್ದ ಸುಮಾರು 222 ಮೀಟರ್. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ 12 ಮೈಕ್ರೋಮೀಟರ್ ಹಿಗ್ಗುತ್ತೆ. ಬಿಸಿಲು ಕಾದ ಮೇಲ್ಭಾಗ ರಾತ್ರಿ 10 ಡಿಗ್ರಿ ತಣ್ಣಗಾದರೆ, ತಡೆ ಇಲ್ಲದಿದ್ದರೆ ಎರಡೂವರೆ ಸೆಂಟಿಮೀಟರ್‌ಗೂ ಹೆಚ್ಚು ಕುಗ್ಗಬೇಕು. ಆದರೆ ತಳ ನೀರಲ್ಲಿರುತ್ತೆ, ಅದು ಅಷ್ಟು ತಣ್ಣಗಾಗಲ್ಲ. ಈ ಎಳೆದಾಟ ಕೀಲು ಕೀಲಲ್ಲಿ "ಟಕ್… ಟಕ್… ಧಡ್" ಅಂತ ಬಿಡುಗಡೆಯಾಗುತ್ತೆ. ಸೂರ್ಯ ಮುಳುಗಿದ ಮೊದಲ ಕೆಲವು ಗಂಟೆ ಇದರ ಕಾಟ ಜಾಸ್ತಿ. ಹೆಜ್ಜೆ ಸಪ್ಪಳ ಅಂತ ಜನ ಹೇಳೋದರಲ್ಲಿ ಬಹುಪಾಲು ಇದೇ ಅಂತ ನನ್ನ ಅಂದಾಜು.

ಇನ್ನೊಂದು: ಉಕ್ಕಿನಲ್ಲಿ ಸದ್ದು ಗಾಳಿಗಿಂತ ಸುಮಾರು 15 ಪಟ್ಟು ವೇಗ. ಮೂರು ಡೆಕ್ ಮೇಲೆ ಒಬ್ಬ ಏಣಿಗೆ ಬೂಟು ತಾಗಿಸಿದರೆ ಪಕ್ಕದ ಗೋಡೆಯಲ್ಲೇ ತಟ್ಟಿದ ಹಾಗೆ ಕೇಳಿಸುತ್ತೆ. ನದಿಯ ಆಚೆ ದಡದಲ್ಲಿ ಪೇಟೆ. ಶನಿವಾರ ರಾತ್ರಿ ಅಲ್ಲಿನ ಹಾಡು, ನಗು ನೀರ ಮೇಲೆ ತೇಲಿಬಂದು ತೆರೆದ ಹ್ಯಾಚಿನಲ್ಲಿ (ಡೆಕ್‌ನಲ್ಲಿರೋ ಇಳಿಯೋ ಬಾಗಿಲು) ಇಳಿಯುತ್ತೆ. ವಾರದ ನಡುವಿನ ದಿನ ಸಿಕ್ಕರೆ ಬಿಡಬೇಡಿ.

ರೆಕಾರ್ಡರ್ ಎರಡು ಸಾಲದು, ನಾಲ್ಕು ಬೇಕು. ಎರಡು ಒಂದೇ ಕೋಣೆಯಲ್ಲಿ ಆರಡಿ ಅಂತರದಲ್ಲಿ, ಒಂದು ಮೇಲಿನ ಡೆಕ್‌ನಲ್ಲಿ, ಒಂದು ಕೆಳಗೆ. ಒಂದೇ ಕೋಣೆಯ ಎರಡರ ಪೈಕಿ ಒಂದರಲ್ಲಿ ಮಾತ್ರ ಸದ್ದಿದ್ದರೆ ಅದು ಆ ಯಂತ್ರದ ಗೊಣಗಾಟ. ಎಂಪಿ3 ಬೇಡ, ವೇವ್ ಫೈಲು, 48 ಕಿಲೋಹರ್ಟ್ಸ್, 24 ಬಿಟ್. ಗಂಟೆಗೆ 1 ಜಿಬಿ ಹತ್ತಿರ ಆಗುತ್ತೆ, 16 ಜಿಬಿ ಕಾರ್ಡ್ ಇರಲಿ. ಸ್ವಯಂಚಾಲಿತ ಗೇನ್ (ಸಣ್ಣ ಸದ್ದನ್ನ ತಾನಾಗೇ ಜೋರು ಮಾಡೋದು) ಕಡ್ಡಾಯವಾಗಿ ಆಫ್. ಅದು ಆನ್ ಇದ್ದರೆ ನಿಶ್ಶಬ್ದದಲ್ಲಿ ಹಿಸ್ಸನ್ನ ಎತ್ತಿ ಎತ್ತಿ "ಪಿಸುಮಾತು" ಮಾಡಿಕೊಡುತ್ತೆ. ರೆಕಾರ್ಡರನ್ನ ಬರೀ ಉಕ್ಕಿನ ಮೇಲೆ ಇಡಬೇಡಿ, ನಾಲ್ಕು ಮಡಿಕೆ ಟವೆಲ್ ಹಾಸಿ. ಎಲ್ಲ ಶುರು ಮಾಡಿದ ಮೇಲೆ ಸಮಯ ಹೇಳಿ, ಮೂರು ಚಪ್ಪಾಳೆ. ಬೇರೆ ಡೆಕ್‌ನಲ್ಲಿ ಇಡೋದನ್ನ ಚಪ್ಪಾಳೆ ಆದಮೇಲೇ ಒಯ್ಯಿರಿ. ಆಮೇಲೆ ನಾಲ್ಕನ್ನೂ ಜೋಡಿಸೋಕೆ ಅದೇ ಆಧಾರ. ಯಾರು ಕೆಮ್ಮಿದರೂ, ಹೊಟ್ಟೆ ಗುರ್ ಅಂದರೂ ತಕ್ಷಣ ಬಾಯಿಬಿಟ್ಟು "ಇದು ನಾನು" ಅನ್ನಬೇಕು.

ಆಮೇಲೆ ರೆಕಾರ್ಡಿಂಗ್ ಕೇಳೋವಾಗ ಮೂವರು ಬೇರೆ ಬೇರೆ ಕೂತು, ಕೇಳಿಸಿದ್ದನ್ನ ಚೀಟಿಯಲ್ಲಿ ಬರೆದು ಆಮೇಲೆ ಹೋಲಿಸಿ. "ಇಲ್ಲಿ 'ಗೆಟ್ ಔಟ್' ಅಂತ ಕೇಳ್ಸತ್ತೆ ನೋಡು" ಅಂತ ಒಬ್ಬ ಬಾಯಿಬಿಟ್ಟರೆ ಮುಗೀತು, ಎಲ್ಲರಿಗೂ ಅದೇ ಕೇಳಿಸುತ್ತೆ. ಕನ್ನಡದ ಕಿವಿಗೆ ಅದೇ ಗದ್ದಲದಲ್ಲಿ "ಬಾ", "ಹೋಗು" ಸಿಗುತ್ತೆ. 1942ರ ಅಮೆರಿಕನ್ ನಾವಿಕ ಕನ್ನಡ ಯಾವಾಗ ಕಲಿತನೋ!

ರಾಲಿ_ರಂಗಣ್ಣ:
ಸ್ಪಿರಿಟ್ ಬಾಕ್ಸ್ ಬಗ್ಗೆ ಇಬ್ಬರೂ ಹೇಳಲಿಲ್ಲ. ಬೇರೆ ಗುಂಪಿನವರು ಅದೊಂದನ್ನೇ ನಂಬ್ತಾರೆ.

ಸದ್ದುಗಾರ:
ಅದು ರೇಡಿಯೋ ಸ್ಟೇಷನ್‌ಗಳನ್ನ ಸರಸರ ಬದಲಿಸುತ್ತಾ ಹೋಗೋ ಪೆಟ್ಟಿಗೆ. ಹಡಗಿನ ಆಳದಲ್ಲಿ ಎಫ್‌ಎಂ ಸರಿಯಾಗಿ ಬರಲ್ಲ, ಹ್ಯಾಚು, ಏಣಿಯ ಬಳಿ ಮಾತ್ರ ಸ್ವಲ್ಪ ಸೋರಿ ಬರುತ್ತೆ. ಹಾಗಾಗಿ ಬಾಗಿಲ ಹತ್ತಿರ "ಮಾತಾಡುವ" ದೆವ್ವ, ಒಳಗೆ ಹೋದರೆ ಮೌನವ್ರತ. ಗುಂಪಿನವರ ಖುಷಿಗೆ ತರೋದಾದರೆ ತನ್ನಿ, ರೆಕಾರ್ಡರ್ ಓಡ್ತಿರುವಾಗ ಮಾತ್ರ ಬೇಡ.

ಬಂದರು_ಬಸವ:
"ನೂರಾರು ಜನ ಸತ್ತ ಹಡಗು" ತಪ್ಪು. 2,300ಕ್ಕೂ ಹೆಚ್ಚು ಜನರಿದ್ದ ಈ ಹಡಗು ಇಡೀ ಯುದ್ಧದ ಕಾಳಗಗಳಲ್ಲಿ ಕಳೆದುಕೊಂಡದ್ದು ಹತ್ತು ಜನರನ್ನ. ಅದು ಮುಳುಗಿತು ಅಂತ ಜಪಾನಿ ರೇಡಿಯೋ ಆರು ಸಲ ಸುದ್ದಿ ಬಿಟ್ಟಿತ್ತು, ಅದು ಬೇರೆ ಮಾತು. ಗೊಂದಲಕ್ಕೆ ಕಾರಣ ಒಳಗಿರೋ ಗೌರವ ಪಟ್ಟಿ. ಎರಡನೇ ಮಹಾಯುದ್ಧದಲ್ಲಿ ಮಡಿದ, ನಾರ್ತ್ ಕೆರೊಲೈನಾ ರಾಜ್ಯದ 10 ಸಾವಿರಕ್ಕೂ ಹೆಚ್ಚು ಜನರ ಹೆಸರು ಅಲ್ಲಿದೆ. ಅವರು ಸತ್ತದ್ದು ಈ ಹಡಗಿನಲ್ಲಲ್ಲ.

ದೊಡ್ಡ ಪೆಟ್ಟು 1942ರ ಸೆಪ್ಟೆಂಬರ್ 15ರದ್ದು. ಜಪಾನಿನ ಐ-19 ಜಲಾಂತರ್ಗಾಮಿಯ ಟಾರ್ಪೆಡೊ ಎಡಬದಿಗೆ, ನೀರಿನ ಮಟ್ಟದಿಂದ 20 ಅಡಿ ಕೆಳಗೆ ಬಡಿಯಿತು. 32 ಅಡಿಗೆ 18 ಅಡಿ ತೂತು, ಐದು ಸಾವು. ವಾಲಿದ್ದ ಹಡಗನ್ನ ಕೆಲವೇ ನಿಮಿಷದಲ್ಲಿ ನೆಟ್ಟಗೆ ಮಾಡಿ 26 ನಾಟ್ (ಗಂಟೆಗೆ ಸುಮಾರು 48 ಕಿ.ಮೀ.) ವೇಗದಲ್ಲಿ ಓಡಿಸಿದರು. ಆಮೇಲೆ 1945ರ ಏಪ್ರಿಲ್ 6ರಂದು ಒಕಿನಾವಾ ಬಳಿ ತಮ್ಮವರದ್ದೇ ಐದು ಇಂಚಿನ ಗುಂಡು ಬಿದ್ದು ಮೂವರು ಸತ್ತು 44 ಜನ ಗಾಯಗೊಂಡರು. ಎಡಬದಿಯ ಮುಂಭಾಗದಲ್ಲಿ ಎಲ್ಲ ಗುಂಪೂ ಕೂರೋದು ಟಾರ್ಪೆಡೊ ಅಲ್ಲಿ ಬಡಿದ ಕಾರಣಕ್ಕೇ. ಹಾಗಾಗಿ ಆರು ಜನರಲ್ಲಿ ಇಬ್ಬರಿಗೆ ಈ ಇತಿಹಾಸ ಹೇಳಲೇಬೇಡಿ. ಅವರು ಎಲ್ಲಿ ಏನನ್ನಿಸಿತು ಅಂತ ನಕ್ಷೆಯಲ್ಲಿ ಗುರುತು ಹಾಕಲಿ. ಇದನ್ನ ಓದಿದ ನೀವಂತೂ ಆ ಇಬ್ಬರಲ್ಲಿ ಒಬ್ಬರಾಗೋ ಹಾಗಿಲ್ಲ.

ಅಮಾವಾಸ್ಯೆ ಹಟದವರಿಗೆ: ಅಮಾವಾಸ್ಯೆ, ಹುಣ್ಣಿಮೆ ಎರಡರಲ್ಲೂ ದೊಡ್ಡ ಉಬ್ಬರ. ಕೇಪ್ ಫಿಯರ್ ಉಬ್ಬರ ಏರುವ ನದಿ, ಆ ಜಾಗವೋ ತಗ್ಗು. ಪಾರ್ಕಿಂಗ್ ಹತ್ತಿರ ನೀರು ಬಂದದ್ದುಂಟು. ಉಬ್ಬರದ ಪಟ್ಟಿ ನೋಡಿ ದಿನ ಇಟ್ಟುಕೊಳ್ಳಿ.

ಕಾಲಿಗೆ ಹಿಮ್ಮಡಿ ಮುಚ್ಚೋ, ರಬ್ಬರ್ ತಳದ ಬೂಟು. ಬಾಗಿಲುಗಳಿಗೆ ಎತ್ತರದ ಹೊಸ್ತಿಲಿದೆ, ಕತ್ತಲಲ್ಲಿ ಮೊಣಕಾಲಿನ ಕೆಳಗಿನ ಮುಂದಿನ ಮೂಳೆ ಅಲ್ಲಿಗೇ ಬಡಿಯೋದು. ಕಡಿದಾದ ಏಣಿ ಇಳಿಯುವಾಗ ಏಣಿಗೆ ಮುಖ ಮಾಡಿ, ಎರಡೂ ಕೈ ಖಾಲಿ, ಸಾಮಾನು ಬೆನ್ನಿಗೆ. ಕೆಂಪು ಬೆಳಕಿನ ತಲೆದೀಪ ತಲೆಗೊಂದು. ಸೂರಿನಿಂದ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ತೇವದ ಗಾಳಿ ತಣ್ಣನೆ ಉಕ್ಕಿಗೆ ತಾಗಿ ಬೆವರುತ್ತೆ. ಅದೇ ಹನಿ, ದೂಳು ಫ್ಲ್ಯಾಶಿನ ಬೆಳಕಿಗೆ ಸಿಕ್ಕರೆ ಫೋಟೋದಲ್ಲಿ ಜನ ಆತ್ಮ ಅಂದುಕೊಳ್ಳೋ ಬಿಳಿ ಗೋಲ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪವನ್ನ ಲೆನ್ಸಿನಿಂದ ಎರಡಡಿ ಪಕ್ಕಕ್ಕೆ ಇಟ್ಟರೆ ಗೋಲಗಳು ಮುಕ್ಕಾಲುಪಾಲು ಮಾಯ. ಹಳೇ ಬಣ್ಣ ಕೆರೆಯಬೇಡಿ, ಪೈಪಿನ ಹೊದಿಕೆ ಮುಟ್ಟಬೇಡಿ, ಆ ಕಾಲದ ಹಡಗುಗಳಲ್ಲಿ ಸೀಸ, ಕಲ್ನಾರು ಇರೋದು ಮಾಮೂಲು.

ಮತ್ತೆ, ರಾತ್ರಿ ಕಾರಿಗೆ ವಾಪಸ್ ನಡೆಯುವಾಗ ಟಾರ್ಚು ನೀರಿನಂಚಿಗೆ ಹೊಡೀತಾ ಬನ್ನಿ. ಅಲ್ಲಿ ಎರಡು ಕಣ್ಣು ಕೆಂಪಗೆ ಹೊಳೆದರೆ ಮೀಟರ್ ತೆಗೆಯೋಕೆ ಹೋಗಬೇಡಿ, ಅದು ಮೊಸಳೆ ಜಾತಿಯ ಅಲಿಗೇಟರ್. ಆ ನದಿಯಲ್ಲಿ ಅವು ನಿಜವಾಗಲೂ ಇವೆ.