ಗುರಿ ತಪ್ಪೋದು ಕಣ್ಣಿಂದಲೋ, ಕೈಯಿಂದಲೋ? ಸ್ನೂಕರ್ ಕಲಿಯುವವರ ಪ್ರಶ್ನೋತ್ತರ

ಈಚೆಗೆ ನಮ್ಮ ಸ್ನೂಕರ್ ಗುಂಪಿಗೆ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ್ದು. ಲೇಸರ್, ಗುರಿ ಕಾರ್ಡು, ಕೈಗೆ ಕಟ್ಟುವ ಪಟ್ಟಿ, ಇವೆಲ್ಲ ಕೊಂಡರೆ ಆಟ ಸುಧಾರಿಸುತ್ತಾ ಅಂತ. ಕಲಬುರಗಿಯಲ್ಲಿ ಹುಡುಗರಿಗೆ ಆಟ ಹೇಳಿಕೊಡುವವನು ನಾನು. ಕಂಡದ್ದನ್ನು ಹೇಳುತ್ತೇನೆ.

ಪ್ರಶ್ನೆ (ಜೇವರ್ಗಿ ರಸ್ತೆ, ಕಲಬುರಗಿ): ಸರ್, ಎಂಟು ತಿಂಗಳಿಂದ ಆಡ್ತಿದ್ದೀನಿ. ಹತ್ತಿರದ ಚೆಂಡು ಬೀಳುತ್ತೆ. ದೂರದ್ದು ಹತ್ತರಲ್ಲಿ ಎರಡು ಬಿದ್ದರೆ ಹಬ್ಬ. ಕ್ಯೂಗೆ (ಚೆಂಡು ಹೊಡೆಯುವ ಕೋಲಿಗೆ) ಸಿಕ್ಕಿಸುವ ಲೇಸರ್ ಆನ್‌ಲೈನ್‌ನಲ್ಲಿ ನೋಡಿದೆ. ಕೆಂಪು ಗೆರೆ ಬೀಳುತ್ತೆ, ಅದರ ಮೇಲೆ ಹೊಡೆದರಾಯ್ತು ಅಂತಾರೆ. ತಗೊಳ್ಳಲಾ?

ಉತ್ತರ: ಈಗಲೇ ಬೇಡ. ಮೊದಲು ನಿಮ್ಮ ತಪ್ಪು ಯಾವುದು ಅಂತ ಗೊತ್ತಾಗಲಿ.

ಚೆಂಡು ಪಾಕೆಟ್ (ಟೇಬಲ್ ಅಂಚಿನ ಗುಂಡಿ) ತಪ್ಪಲು ಎರಡು ಕಾರಣ. ಒಂದು, ತಪ್ಪು ಜಾಗಕ್ಕೆ ಗುರಿ ಇಟ್ಟಿರುತ್ತೀರಿ. ಇನ್ನೊಂದು, ಸರಿಯಾದ ಜಾಗಕ್ಕೇ ಗುರಿ ಇಟ್ಟು, ಹೊಡೆಯುವಾಗ ಕ್ಯೂ ಓರೆ ಹೋಗಿರುತ್ತೆ. ನನ್ನ ಹತ್ತಿರ ಬರುವವರೆಲ್ಲ "ಗುರಿ ಸರಿ ಇಲ್ಲ" ಅಂತಲೇ ಬರುತ್ತಾರೆ. ನಿಲ್ಲಿಸಿ ನೋಡಿದರೆ ಜಾಸ್ತಿ ಜನರದ್ದು ಕೈಯ ತಪ್ಪು.

ಇದನ್ನು ಕಂಡುಹಿಡಿಯಲು ಕಾಸು ಬೇಡ. ಟೇಬಲ್ ಮೇಲೆ ಬೇರೆ ಚೆಂಡು ಇರಬಾರದು. ಬ್ರೌನ್ ಚೆಂಡಿನ ಚುಕ್ಕೆಯ ಮೇಲೆ ವೈಟ್ (ಕ್ಯೂನಿಂದ ಹೊಡೆಯುವ ಬಿಳಿ ಚೆಂಡು) ಇಡಿ. ನೇರಕ್ಕೆ ಬ್ಲೂ, ಪಿಂಕ್, ಬ್ಲ್ಯಾಕ್ ಚುಕ್ಕೆಗಳ ಮೇಲೆ ಹಾಯ್ದು ಹೋಗುವ ಹಾಗೆ ಹೊಡೆಯಿರಿ. ಮೇಲಿನ ಕುಶನ್‌ಗೆ (ಬ್ಲ್ಯಾಕ್ ಚುಕ್ಕೆಯ ಆಚೆಯ ಅಂಚಿಗೆ) ತಾಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಹೊಡೆದ ಮೇಲೆ ಏಳಬೇಡಿ, ಕ್ಯೂ ಎಲ್ಲಿ ನಿಂತಿತೋ ಅಲ್ಲೇ ಇರಲಿ. ವೈಟ್ ಬಂದು ನಿಮ್ಮ ಟಿಪ್‌ಗೇ (ಕ್ಯೂ ತುದಿಗೇ) ಮುತ್ತಿಟ್ಟರೆ ಸರಿ.

ಬ್ರೌನ್ ಚುಕ್ಕೆಯಿಂದ ಬ್ಲ್ಯಾಕ್ ಚುಕ್ಕೆಗೆ ಸುಮಾರು ಎರಡೂವರೆ ಮೀಟರ್. ಬರೀ 1 ಡಿಗ್ರಿ ಓರೆಯಾದರೂ ಅಲ್ಲಿಗೆ ಹೋಗುವಷ್ಟರಲ್ಲಿ ಚೆಂಡು 44 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತೆ. ಸ್ನೂಕರ್ ಚೆಂಡಿನ ಅಗಲವೇ 52.5 ಮಿಲಿಮೀಟರ್. ದೂರದ ಚೆಂಡು ಯಾಕೆ ಬೀಳಲ್ಲ ಅಂತ ಇದರಲ್ಲೇ ಗೊತ್ತಾಯ್ತಲ್ಲ.

ಇನ್ನು ಲೇಸರ್. ನಾನೂ ಒಂದು ತರಿಸಿದ್ದೆ. ಕ್ಯೂಗೆ ಸಿಕ್ಕಿಸಿ, ಗೋಡೆಯ ಕಡೆ ಹಿಡಿದು, ಇದ್ದಲ್ಲೇ ಕ್ಯೂ ತಿರುಗಿಸಿದೆ. ಕೆಂಪು ಚುಕ್ಕೆ ನಿಂತಲ್ಲಿ ನಿಲ್ಲಬೇಕಿತ್ತು. ಅದು ಗೋಡೆಯ ಮೇಲೆ ರಂಗೋಲಿಯ ಹಾಗೆ ಸುತ್ತು ಹಾಕಿತು! ಅಂದರೆ ಲೇಸರೇ ಕ್ಯೂನ ನೇರಕ್ಕೆ ಇರಲಿಲ್ಲ. ವಾಪಸ್ ಕಳಿಸಲು ಹದಿನೈದು ದಿನ ಜಗಳ. ಸರಿಯಾಗಿರುವ ಲೇಸರ್ ಸಿಕ್ಕರೆ ಒಂದು ಉಪಯೋಗ ಇದೆ: ಕ್ಯೂ ಹಿಂದೆ ಮುಂದೆ ಆಡಿಸುವಾಗ ಚುಕ್ಕೆ ಪಕ್ಕಕ್ಕೆ ಅಲುಗಿದರೆ ಕೈ ಓರೆ ಹೋಗ್ತಿದೆ ಅಂತ ಕಾಣುತ್ತೆ. ಆದರೆ ಹುಡುಗರು ಆ ಗೆರೆ ನೋಡುತ್ತಾ ಚೆಂಡನ್ನೇ ಮರೆಯುತ್ತಾರೆ. ಲೇಸರ್ ಬೆಳಕು ಯಾರ ಕಣ್ಣೊಳಗೂ ಬೀಳದ ಹಾಗೆ ಬೇರೆ ನೋಡಿಕೊಳ್ಳಬೇಕು.

ಅವರೇ, ಮರುದಿನ: ಮಾಡಿದೆ ಸರ್. ಇಪ್ಪತ್ತು ಸಲ ಹೊಡೆದೆ. ಹದಿನೈದು ಸಲ ಬಲಕ್ಕೆ ಬಂತು, ಒಂದು ಗೇಣು ದೂರ.

ಉತ್ತರ: ಹೋಗುವಾಗ ಎಲ್ಲಿ ಹೋಯ್ತು ಅಂತ ನೋಡಿದಿರಾ? ಅದೇ ಮುಖ್ಯ. ಚುಕ್ಕೆಗಳ ಮೇಲೆ ಸರಿಯಾಗಿ ಹೋಗಿ, ಕುಶನ್‌ಗೆ ತಾಗಿದ ಮೇಲೆ ಬಲಕ್ಕೆ ತಿರುಗಿದ್ದರೆ ನೀವು ಗೊತ್ತಿಲ್ಲದೇ ಬಲಗಡೆ ಸೈಡ್ ಕೊಡ್ತಿದ್ದೀರಿ, ಅಂದರೆ ವೈಟ್‌ನ ಬಲ ಪಕ್ಕಕ್ಕೆ ಹೊಡೆದು ಅದನ್ನು ಬುಗುರಿಯ ಹಾಗೆ ತಿರುಗಿಸ್ತಿದ್ದೀರಿ. ಟಿಪ್ ನಟ್ಟನಡುವೆ ತಾಗ್ತಿಲ್ಲ. ಹೋಗುವಾಗಲೇ ಬಲಕ್ಕೆ ಜಾರಿದ್ದರೆ ಕ್ಯೂ ಹೋದ ದಾರಿಯೇ ಓರೆ.

ಅನುಮಾನ ಇದ್ದರೆ ನೀವು ಆಡುವ ಪಾರ್ಲರಿನ ಪೂಲ್ (ಇದೇ ತರಹದ ಇನ್ನೊಂದು ಆಟ) ಸೆಟ್‌ನಿಂದ ಪಟ್ಟೆ ಇರುವ ಚೆಂಡು ಒಂದು ಕೇಳಿ ತಗೊಳ್ಳಿ. ಅದನ್ನೇ ವೈಟ್ ಅಂದುಕೊಂಡು, ಪಟ್ಟೆಯನ್ನು ಗಾಡಿ ಚಕ್ರದ ಹಾಗೆ ನಿಲ್ಲಿಸಿ, ಹೋಗುವ ದಿಕ್ಕಿಗೆ ನೇರ ಮಾಡಿ. ನಡುವೆ ಹೊಡೆದರೆ ಪಟ್ಟೆ ಚಕ್ರದ ಹಾಗೇ ಉರುಳುತ್ತೆ. ಸೈಡ್ ಬಿದ್ದರೆ ಸೋತ ಬುಗುರಿಯ ಹಾಗೆ ತೊನೆಯುತ್ತೆ. ಟಿಪ್‌ಗೆ ಹಚ್ಚಿದ ಚಾಕ್ ಚೆಂಡಿನ ಮೇಲೆ ಉಳಿಸಿದ ಗುರುತನ್ನೂ ನೋಡಿ. ಕಂಪನಿಗಳು ಇದಕ್ಕೂ ಗುರುತು ಹಾಕಿದ ವಿಶೇಷ ಚೆಂಡು ಮಾರುತ್ತವೆ. ಚೆನ್ನಾಗಿವೆ, ಆದರೆ ಪಟ್ಟೆ ಚೆಂಡು ಮುಕ್ಕಾಲು ಕೆಲಸ ಮಾಡುತ್ತೆ.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ): ನನ್ನ ಕೈ ನೇರ ಇದೆ, ಚುಕ್ಕೆ ಪರೀಕ್ಷೆ ಪಾಸ್. ಕೋನದ ಚೆಂಡೇ ಬೀಳಲ್ಲ. ಪಾಕೆಟ್‌ನಿಂದ ನೇರ ಗೆರೆ ಎಳೆದು, ಚೆಂಡಿನ ಹಿಂದೆ ಎಲ್ಲಿ ತಾಗಬೇಕೋ ಅಲ್ಲಿಗೇ ಗುರಿ ಇಡ್ತೀನಿ. ಆದರೂ ದಪ್ಪ ತಾಗುತ್ತೆ, ಅಂದರೆ ಬೇಕಾದ್ದಕ್ಕಿಂತ ಚೆಂಡಿನ ನಡುವಿನ ಕಡೆಗೇ. ಗೋಸ್ಟ್ ಬಾಲ್ ಕಾರ್ಡ್ ಕೊಳ್ಳಬೇಕಾ?

ಉತ್ತರ: ಅಲ್ಲೇ ನೋಡಿ ತಪ್ಪು. ತಾಗುವ ಜಾಗಕ್ಕೆ ವೈಟ್‌ನ ನಡುವನ್ನು ಗುರಿ ಇಟ್ಟರೆ ಯಾವಾಗಲೂ ದಪ್ಪವೇ. ವೈಟ್‌ಗೂ ಹೊಟ್ಟೆ ಇದೆ ಅಲ್ವಾ? ಅದರ ನಡು ಅಲ್ಲಿಗೆ ಮುಟ್ಟುವ ಮುಂಚೆಯೇ ಅದರ ಪಕ್ಕ ತಾಗಿಬಿಡುತ್ತೆ. ತಾಗುವ ಜಾಗ ಎದುರು ಚೆಂಡಿನ (ಪಾಕೆಟ್‌ಗೆ ಹಾಕಬೇಕಾದ ಚೆಂಡಿನ) ನಡುವಿನಿಂದ 26 ಮಿಲಿಮೀಟರ್ ಹಿಂದೆ ಇರುತ್ತೆ. ವೈಟ್‌ನ ನಡು ಬರಬೇಕಾದ್ದು 52.5 ಮಿಲಿಮೀಟರ್ ಹಿಂದೆ, ಅಂದರೆ ಒಂದು ಇಡೀ ಚೆಂಡಿನ ದೂರ. ತಾಗುವ ಕ್ಷಣದಲ್ಲಿ ಅಲ್ಲಿ ಕೂತಿರುವ ವೈಟನ್ನೇ ಗೋಸ್ಟ್ ಬಾಲ್ ಅನ್ನುವುದು, ದೆವ್ವದ ಚೆಂಡು.

ಕಾರ್ಡು ಕೊಳ್ಳಬೇಡಿ. ಲಗ್ನಪತ್ರಿಕೆಯ ರಟ್ಟು ಸಾಕು. ಒಂದು ನೇರ ಗೆರೆ ಎಳೆದು, 52.5 ಮಿಲಿಮೀಟರ್ ಅಂತರದಲ್ಲಿ ಎರಡು ಚುಕ್ಕೆ ಹಾಕಿ. ಪೂಲ್ ಆಡುವುದಾದರೆ 57. ಮೊದಲ ಚುಕ್ಕೆಯ ಮೇಲೆ ಎದುರು ಚೆಂಡು ಕೂರಲಿ, ಗೆರೆ ಪಾಕೆಟ್‌ನ ನಡುವಿಗೆ ನೇರ ಇರಲಿ. ಎರಡನೇ ಚುಕ್ಕೆಯೇ ನಿಮ್ಮ ಗುರಿ. ಹಿಂದೆ ನಿಂತು ನೋಡಿ, ಬಗ್ಗಿ, ಕಣ್ಣಿಗೆ ಕೂರಿಸಿಕೊಳ್ಳಿ. ಆಮೇಲೆ ಗೆಳೆಯನಿಗೆ ಹೇಳಿ ರಟ್ಟು ತೆಗೆಸಿ ಹೊಡೆಯಿರಿ. ತೆಗೆಯುವಾಗ ಚೆಂಡು ಅಲುಗುತ್ತೆ ಅನ್ನುವವರು ಫೈಲಿನ ತೂತಿಗೆ ಅಂಟಿಸುವ ಉಂಗುರದ ಸ್ಟಿಕ್ಕರ್ ತಗೊಳ್ಳಿ. ಚೆಂಡಿನ ಕೆಳಗೆ ಒಂದು ಉಂಗುರ ಇದ್ದರೆ ನೂರು ಸಲ ಅದೇ ಜಾಗದಲ್ಲಿ ಇಡಬಹುದು. ಪಾರ್ಲರ್ ಮಾಲೀಕರನ್ನು ಕೇಳಿ ಅಂಟಿಸಿ ಮತ್ತೆ, ಬಟ್ಟೆ ಅವರದ್ದು.

ಇನ್ನೊಂದು ಲೆಕ್ಕ ನೆನಪಿರಲಿ. ಕ್ಯೂ ಸರಿಯಾಗಿ ಎದುರು ಚೆಂಡಿನ ಅಂಚನ್ನು ನೋಡುತ್ತಿದ್ದರೆ ಅದು ಅರ್ಧ ಚೆಂಡು, ಅಂದರೆ ವೈಟ್‌ಗೆ ಎದುರಾಗುವುದು ಆ ಚೆಂಡಿನ ಅರ್ಧ ಮಾತ್ರ. ವೈಟ್ ಬಂದ ದಾರಿಯಿಂದ ಎದುರು ಚೆಂಡು ಹೋಗುವ ಕೋನ 30 ಡಿಗ್ರಿ. ಮುಕ್ಕಾಲು ಚೆಂಡಿಗೆ ಹದಿನಾಲ್ಕೂವರೆ, ಕಾಲು ಚೆಂಡಿಗೆ ಸುಮಾರು 49. ಸ್ನೂಕರ್‌ಗೂ ಪೂಲ್‌ಗೂ ಇದು ಒಂದೇ. ಅರ್ಧ ಚೆಂಡನ್ನು ಒಂದು ತಿಂಗಳು ಹೊಡೆಯಿರಿ. ಅಂಚು ಕಣ್ಣಿಗೆ ಸ್ಪಷ್ಟ ಕಾಣುತ್ತೆ, ಊಹೆ ಬೇಡ. ಉಳಿದ ಕೋನಗಳನ್ನು "ಇದಕ್ಕಿಂತ ದಪ್ಪ, ಇದಕ್ಕಿಂತ ತೆಳು" ಅಂತ ಅದರಿಂದಲೇ ಅಳೆಯಬಹುದು.

ಹಳೇ ಆಟಗಾರರೊಬ್ಬರು (ಸ್ಟೇಷನ್ ಬಜಾರ್, ಕಲಬುರಗಿ): ಇಪ್ಪತ್ತು ವರ್ಷ ಆಡಿದ್ದೀನಿ. ಡಿಗ್ರಿ ಗಿಗ್ರಿ ಯಾವತ್ತೂ ನೋಡಿಲ್ಲ. ಸುಮ್ನೆ ಹುಡುಗರ ತಲೆ ಕೆಡಿಸಬೇಡಿ. ನಿಮ್ಮ ಕಾರ್ಡಿನ ಲೆಕ್ಕ ನಮ್ಮ ಟೇಬಲ್ ಮೇಲೆ ತಪ್ಪುತ್ತೆ, ನಾನೇ ನೋಡಿದ್ದೀನಿ.

ಉತ್ತರ: ಲೆಕ್ಕ ತಪ್ಪುತ್ತೆ ಅನ್ನುವುದು ನಿಜ, ಅಣ್ಣಾ. ಎರಡು ಚೆಂಡು ಉಜ್ಜುವಾಗ ಎದುರು ಚೆಂಡು ವೈಟ್ ಹೋಗುತ್ತಿದ್ದ ಕಡೆಗೆ ಚೂರು ಎಳೆದುಕೊಂಡು ಹೋಗುತ್ತೆ. ಥ್ರೋ ಅಂತಾರೆ. ಚೆಂಡು ಕೊಳೆಯಾಗಿ ಚಾಕ್ ಮೆತ್ತಿದ್ದರೆ ಇನ್ನೂ ಜಾಸ್ತಿ. ಅದಕ್ಕೇ ಕಾರ್ಡು ಹೇಳುವುದಕ್ಕಿಂತ ಕೂದಲೆಳೆಯಷ್ಟು ತೆಳುವಾಗಿ ಹೊಡೆಯಬೇಕಾಗುತ್ತೆ. ನಿಮ್ಮ ಕೈ ಅದನ್ನು ಇಪ್ಪತ್ತು ವರ್ಷದಲ್ಲಿ ತಾನೇ ಕಲಿತಿದೆ. ಎಂಟು ತಿಂಗಳ ಹುಡುಗನಿಗೆ ಎಲ್ಲಿಂದಲೋ ಶುರು ಮಾಡಬೇಕಲ್ಲ. ಅವನಿಗೆ ಕಾರ್ಡು ಕೊಡೋಣ, ಚೆಂಡು ಒರೆಸುವ ಬಟ್ಟೆಯನ್ನೂ ಕೊಡೋಣ.

ಪ್ರಶ್ನೆ (ಬಿದ್ರಿ ಕೆಲಸದವರು, ಬೀದರ್): ನಮ್ಮ ಕೆಲಸದಲ್ಲಿ ಪಾತ್ರೆಗೆ ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡ್ಕೊಂಡು, ಗೆರೆ ಕಾಣೋ ಹಾಗೆ ಕೊರೀತೀವಿ. ಕೆಲಸ ಆದ ಮೇಲೆ ಆ ಕಪ್ಪು ಇರಲ್ಲ, ಉಜ್ಜಿ ತೆಗೀತೀವಿ. ಗುರಿ ಕಾರ್ಡನ್ನೂ ಹಾಗೇ ತೆಗೀಬೇಕು ಅಂದ್ರೆ, ಎಷ್ಟು ದಿನಕ್ಕೆ?

ಉತ್ತರ: ದಿನ ಅಲ್ಲ, ಅದೇ ಹೊತ್ತಿಗೆ ತೆಗೆಯಿರಿ. ಹತ್ತು ಹೊಡೆತ ಕಾರ್ಡಿಟ್ಟು, ಹತ್ತು ಇಲ್ಲದೇ. ಎರಡರ ಲೆಕ್ಕವನ್ನೂ ಬರೆದಿಡಿ. ಎರಡೂ ಸಮಕ್ಕೆ ಬಂದರೆ ಆ ಕೋನಕ್ಕೆ ಕಾರ್ಡು ಬೇಡ, ಮುಂದಿನದಕ್ಕೆ ಹೋಗಿ. ಅಂದಹಾಗೆ, ಅಚ್ಚು ಇಲ್ಲದೇ ಬರೀ ಕಣ್ಣಳತೆಯಲ್ಲಿ ಹೂಬಳ್ಳಿ ಕೊರೆಯುವ ಕೈ ನಿಮ್ಮದು. ನಿಮಗೆ ಈ ಆಟ ಬೇಗ ಹತ್ತುತ್ತೆ ಅಂತ ನನ್ನ ಅಂದಾಜು.

ಪ್ರಶ್ನೆ (ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ): ಹಳ್ಳಿಯಲ್ಲಿದ್ದೀನಿ. ಟೇಬಲ್ ಸಿಗೋದು ವಾರಕ್ಕೊಮ್ಮೆ. ಮನೆಯಲ್ಲಿ ಫರ್ಸಿ ಹಾಕಿ ಟೇಬಲ್ ಮಾಡಿಸಿದರೆ ನಡೀತದಾ? ಟೇಬಲ್ ಒಳಗೂ ಕಲ್ಲೇ ಇರೋದಂತೆ.

ಉತ್ತರ: ಒಳಗಿರುವುದು ಸ್ಲೇಟ್ ಕಲ್ಲು. ದೊಡ್ಡ ಟೇಬಲ್‌ನಲ್ಲಿ ಸಾಮಾನ್ಯವಾಗಿ ಐದು ತುಂಡು, ಯಂತ್ರದಲ್ಲಿ ತಿಕ್ಕಿ ಸಮ ಮಾಡಿ ಜೋಡಿಸಿರುತ್ತಾರೆ. ಶಹಾಬಾದಿ ಫರ್ಸಿ ಸುಣ್ಣದ ಕಲ್ಲು. ಹಾಳೆ ಹಾಳೆಯಾಗಿ ಏಳುತ್ತೆ ನಿಜ, ಅಷ್ಟು ಸಮ ಇರಲ್ಲ. ಚೆಂಡು ತನಗೆ ಬೇಕಾದ ಕಡೆ ಹೋಗುತ್ತೆ. ದುಡ್ಡು ಹಾಳು.

ಆದರೆ ನಿಮ್ಮ ಮನೆಯ ಫರ್ಸಿ ಬೇರೆ ಕೆಲಸಕ್ಕೆ ಬರುತ್ತೆ. ಎರಡು ಫರ್ಸಿ ಕೂಡುವ ಸಂದು ಸಿದ್ಧ ಗೆರೆ. ಊಟದ ಮೇಜಿನ ಮುಂದೆ, ಆ ಗೆರೆಯ ಮೇಲೆ ಬಲಗಾಲು ಇಟ್ಟು ನಿಲ್ಲಿ (ಎಡಚರಾದರೆ ಎಡಗಾಲು). ಬಗ್ಗಿದಾಗ ಕ್ಯೂ ಆ ಗೆರೆಯ ನೇರ ಮೇಲಿದೆಯಾ ಅಂತ ಮನೆಯವರ ಹತ್ತಿರ ನೋಡಿಸಿ.

ಆಮೇಲೆ ಬಾಟಲಿ. ಖಾಲಿ ನೀರಿನ ಬಾಟಲಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಬಾಯಿ ನಿಮ್ಮ ಕಡೆ. ಟಿಪ್ ಬಾಯೊಳಗೆ ಹೋಗಿ ಬರಬೇಕು, ಅಂಚಿಗೆ ತಾಗಬಾರದು. ಸ್ನೂಕರ್ ಟಿಪ್ ಒಂಬತ್ತೂವರೆ ಮಿಲಿಮೀಟರ್ ಆಸುಪಾಸು, ಬಾಟಲಿ ಬಾಯಿ ಅದರ ಎರಡರಷ್ಟು. ಸುಲಭ ಅನ್ನಿಸುತ್ತೆ. ಜೋರಾಗಿ ನೂಕಿ ನೋಡಿ, ಆಗ ಬಣ್ಣ ಬಯಲಾಗುತ್ತೆ. ದಿನಾ ಹದಿನೈದು ನಿಮಿಷ ಸಾಕು. ಮುಂದೆ ಫೋನ್ ನಿಲ್ಲಿಸಿ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಮೊಣಕೈ ಹೊರಗೆ ಹೋಗ್ತಿದೆಯಾ, ಹೊಡೆಯುವಾಗ ತಲೆ ಏಳುತ್ತಾ, ಈ ಎರಡನ್ನೇ ನೋಡಿ. ನನ್ನ ಮಟ್ಟಿಗೆ ಎಲ್ಲಾ ಸಾಮಾನುಗಳಲ್ಲಿ ದೊಡ್ಡದು ಈ ಫೋನೇ.

ಪ್ರಶ್ನೆ (ಶಿಕ್ಷಕರು, ಸೇಡಂ): ಕನ್ನಡಕ ಹಾಕ್ತೀನಿ. ಬಗ್ಗಿದರೆ ಫ್ರೇಮ್ ಅಡ್ಡ ಬರುತ್ತೆ. ಒಂದು ಕಣ್ಣು ಮುಚ್ಚಿ ಗುರಿ ಇಡಬಹುದಾ?

ಉತ್ತರ: ಮುಚ್ಚಬೇಡಿ, ದೂರದ ಅಂದಾಜು ಹೋಗುತ್ತೆ. ಬಗ್ಗಿದಾಗ ನಾವು ನೋಡುವುದು ಗಾಜಿನ ಮೇಲಿನ ಅಂಚಿನಿಂದ, ಅದಕ್ಕೇ ತೊಂದರೆ. 1985ರ ವಿಶ್ವ ಚಾಂಪಿಯನ್ ಡೆನ್ನಿಸ್ ಟೇಲರ್ ದೊಡ್ಡ ಗಾಜಿನ, ತಲೆಕೆಳಗಾದ ಹಾಗೆ ಕಾಣುವ ಕನ್ನಡಕ ಹಾಕಿಕೊಂಡೇ ಸ್ಟೀವ್ ಡೇವಿಸ್ ಅವರನ್ನು 18-17ರಲ್ಲಿ, ಕೊನೆಯ ಕಪ್ಪು ಚೆಂಡಿನಲ್ಲಿ ಸೋಲಿಸಿದರು. ನೀವು ಎತ್ತರದ ಗಾಜಿನ ಫ್ರೇಮ್ ಮಾಡಿಸಿ, ಇಲ್ಲವೇ ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಕಣ್ಣಿನ ಡಾಕ್ಟರನ್ನು ಕೇಳಿ.

ಕ್ಯೂ ಗಲ್ಲದ ನಟ್ಟನಡುವೆಯೇ ಇರಬೇಕು ಅನ್ನುವುದೂ ಕಡ್ಡಾಯ ಅಲ್ಲ. ಜೋ ಡೇವಿಸ್ ಅವರ ಬಲಗಣ್ಣು ಮಂದ. ಎಡಗಣ್ಣಿನ ಕೆಳಗೆ ಕ್ಯೂ ಇಟ್ಟು ಆಡಿ, 1927ರಿಂದ 1946ರವರೆಗೆ 15 ಸಲ ವಿಶ್ವ ಚಾಂಪಿಯನ್ ಆದರು.

ಪ್ರಶ್ನೆ (ತಾಯಿಯೊಬ್ಬರು, ಬೀದರ್): ಮಗಳಿಗೆ ಹನ್ನೊಂದು ವರ್ಷ. ಟಿವಿಯಲ್ಲಿ ಪಂಕಜ್ ಅಡ್ವಾನಿ ಅವರ ಆಟ ನೋಡಿ ಕಲೀತೀನಿ ಅಂತ ಹಟ. ಏನು ಕೊಡಿಸಲಿ?

ಉತ್ತರ: ಅವಳ ಅಳತೆಯ ಕ್ಯೂ. ಅದೊಂದೇ. ನಿಲ್ಲಿಸಿದರೆ ಭುಜದ ಹತ್ತಿರ ಬಂದರೆ ಸಾಕು. ನಿಯಮದ ಪ್ರಕಾರ ಮೂರು ಅಡಿಗಿಂತ ಕಮ್ಮಿ ಇರಬಾರದು, ಅಷ್ಟೇ. ದೊಡ್ಡವರ ಕ್ಯೂ ಕೊಟ್ಟರೆ ಹಿಂದಿನ ಭಾರಕ್ಕೆ ಕೈ ಓರೆ ಹೋಗುವುದು ಅಭ್ಯಾಸವಾಗುತ್ತೆ, ಆಮೇಲೆ ಬಿಡಿಸಲು ವರ್ಷ ಬೇಕು. ಚೆಂಡನ್ನು ಪಾಕೆಟ್ ಹತ್ತಿರವೇ ಇಟ್ಟುಕೊಡಿ. ಬೀಳುವ ಸದ್ದು ಮಕ್ಕಳಿಗೆ ಬೇಕು.

ಪಾರ್ಲರ್‌ನಲ್ಲಿ ಸಿಗರೇಟಿನ ಹೊಗೆ ಇದ್ದರೆ ಕರೆದುಕೊಂಡು ಹೋಗಬೇಡಿ. ಬೆಳಗಿನ ಹೊತ್ತು ಟೇಬಲ್ ಖಾಲಿ ಇರುತ್ತೆ, ಆಗ ಕೇಳಿ. ಅಡ್ವಾನಿ ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಕೈಯಲ್ಲಿ ಚಿಕ್ಕಂದಿನಲ್ಲೇ ಪಳಗಿದವರು. ವಿದ್ಯಾ ಪಿಳ್ಳೈ ಅವರ ಆಟವನ್ನೂ ಮಗಳಿಗೆ ತೋರಿಸಿ. ಕರ್ನಾಟಕದ ಪರ ಆಡಿದವರು. 2017ರ ಮಹಿಳಾ ವಿಶ್ವ ಸ್ನೂಕರ್ ಫೈನಲ್‌ನಲ್ಲಿ 6-5ರಲ್ಲಿ, ಒಂದೇ ಒಂದು ಫ್ರೇಮ್‌ (ಒಂದು ಸುತ್ತಿನ ಆಟ) ಅಂತರದಲ್ಲಿ ಸೋತರು.

ಪ್ರಶ್ನೆ (ಆಳಂದ): ಮಣಿಕಟ್ಟು ಅಲುಗದ ಹಾಗೆ ಕಟ್ಟುವ ಪಟ್ಟಿ ಹೇಗೆ?

ಉತ್ತರ: ಬೇಡ. ಬಿಚ್ಚಿದ ದಿನ ಮತ್ತೆ ಮೊದಲಿನ ಹಾಗೇ.

ಜೇವರ್ಗಿ ರಸ್ತೆಯವರು, ವಾರದ ಮೇಲೆ: ಪಟ್ಟೆ ಚೆಂಡಲ್ಲಿ ನೋಡಿದೆ ಸರ್, ಸೈಡೇ. ನಡುವೆ ಹೊಡೆಯಲು ಎಷ್ಟು ಯತ್ನಿಸಿದರೂ ಬಲಕ್ಕೇ ಬೀಳುತ್ತೆ. ಪಾರ್ಲರ್ ಕ್ಯೂನಲ್ಲಿ ಹೊಡೆದರೆ ಕಮ್ಮಿ, ನನ್ನದರಲ್ಲೇ ಜಾಸ್ತಿ.

ಉತ್ತರ: ಹಾಗಾದರೆ ಕ್ಯೂ ನೋಡೋಣ. ಬೈಕಿಗೆ ಕಟ್ಟಿಕೊಂಡು ಮೇ ತಿಂಗಳ ಬಿಸಿಲಲ್ಲಿ ಓಡಾಡಿದಿರಾ? ನಮ್ಮ ಊರಿನ 42 ಡಿಗ್ರಿಗೆ ಮರ ಸುಮ್ನಿರಲ್ಲ. ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಬಿಟ್ಟರೂ ಬಾಗುತ್ತೆ. ಟೇಬಲ್ ಮೇಲೆ ಉರುಳಿಸಿ, ಟಿಪ್ ಎದ್ದು ಬಿದ್ದು ಕುಣಿದರೆ ಬಾಗಿದೆ ಅಂತ ಅರ್ಥ. ನೇರ ಇದ್ದರೆ ಟಿಪ್ ನೋಡಿ, ಒಂದು ಪಕ್ಕ ಸವೆದಿರಬಹುದು. ಶನಿವಾರ ತಗೊಂಡು ಬನ್ನಿ. ಟಿಪ್ ಆದರೆ ಅರ್ಧ ಗಂಟೆಯ ಕೆಲಸ, ನಾನೇ ಬದಲಾಯಿಸಿ ಕೊಡ್ತೀನಿ.