ಬೇಕಲದ ರೆಸಾರ್ಟಿನ ಬಿಲ್ಲು: ಕುಡಿಯದವಳೂ ಅರ್ಧ ಕೊಡಬೇಕಾ?

ನೀರ್ಚಾಲಿನವಳು: ಗಡಿನಾಡಿನ ಎಲ್ಲರಿಗೂ ನಮಸ್ಕಾರ. ಒಂದು ನ್ಯಾಯ ಹೇಳಿ. ಬೆಂಗಳೂರಿನಲ್ಲಿರುವ ನನ್ನ ಕಾಲೇಜು ಗೆಳತಿ ಊರಿಗೆ ಬಂದಿದ್ದಳು. ಇಬ್ಬರೂ ನಮ್ಮ ಕಾಸರಗೋಡಿನ ಬೇಕಲದ ಹತ್ತಿರ ಸಮುದ್ರದ ಬದಿಯ ಒಂದು ರೆಸಾರ್ಟಿನಲ್ಲಿ ಎರಡು ರಾತ್ರಿ ಉಳಿದೆವು. ಹೆಸರು ಬೇಡ. ಆಲ್ ಇನ್‌ಕ್ಲೂಸಿವ್ ಪ್ಯಾಕೇಜ್. ರೂಮು, ಮೂರು ಹೊತ್ತು ಬಫೆ, ಸಂಜೆ ಚಾ ತಿಂಡಿ, ಬಾರಿನಲ್ಲಿ ಬೇಕಾದಷ್ಟು ಕುಡಿಯುವುದು, ಎಲ್ಲ ಒಂದೇ ರೇಟಿನಲ್ಲಿ. ರಾತ್ರಿಗೆ 22 ಸಾವಿರ, ಅದರ ಮೇಲೆ ತೆರಿಗೆ. ಒಟ್ಟು 51,920 ಆಯಿತು. ನಾನು ಸಸ್ಯಾಹಾರಿ, ಕುಡಿಯುವುದೂ ಇಲ್ಲ. ಅವಳಿಗೆ ಮೀನೂ ಆಗುತ್ತದೆ, ಬಿಯರೂ ಆಗುತ್ತದೆ. ಈಗ ಅರ್ಧರ್ಧ ಹಾಕೋಣ ಅನ್ನುತ್ತಿದ್ದಾಳೆ. ನಾನು ತಿಂದದ್ದು ಇಡ್ಲಿ, ಅನ್ನ ಸಾರು, ಪಪ್ಪಾಯಿ. ಅದಕ್ಕೆ 25,960 ಕೊಡಬೇಕಾ?

ಇನ್ನೊಂದು ಗೋಳು. ಎರಡನೇ ದಿನ ಜುಲೈ 1. ಕೇರಳದಲ್ಲಿ ಪ್ರತಿ ತಿಂಗಳ ಒಂದನೇ ತಾರೀಕು ಡ್ರೈ ಡೇ ಅಲ್ವಾ, ಬಾರ್ ಬಂದ್. ರೇಟ್ ಕಡಿಮೆ ಮಾಡಿ ಅಂದರೆ ಮಾಕ್‌ಟೇಲ್ ಕುಡಿಯಿರಿ ಅಂದರು. ಆ ನಷ್ಟದಲ್ಲೂ ನನಗೆ ಪಾಲಾ?

ಲೆಕ್ಕದ ಮಾಣಿ: ಸುಲಭ. ರೂಮು ಇಬ್ಬರದು, ಊಟ ಇಬ್ಬರದು, ಬಾರು ಒಬ್ಬಳದು. ಅದೇ ರೆಸಾರ್ಟಿನಲ್ಲಿ ಮೂರು ಹೊತ್ತು ಊಟ ಮಾತ್ರ ಸೇರಿದ ರೇಟ್ ಎಷ್ಟು ಅಂತ ಅದೇ ತಾರೀಕಿಗೆ ನೋಡಿ. ಎರಡರ ನಡುವಿನ ವ್ಯತ್ಯಾಸ ಅವಳದು, ಉಳಿದದ್ದು ಅರ್ಧರ್ಧ. ಮತ್ತೆ ಬಿಲ್ಲನ್ನೂ ಒಮ್ಮೆ ಸರಿಯಾಗಿ ನೋಡಿ. ದಿನಕ್ಕೆ 7,500 ದಾಟಿದ ರೂಮಿಗೆ ಜಿಎಸ್‌ಟಿ ಶೇ. 18. ಆದರೆ ಮದ್ಯ ಜಿಎಸ್‌ಟಿ ಒಳಗೆ ಬರುವುದೇ ಇಲ್ಲ. ಪೂರ್ತಿ 44 ಸಾವಿರದ ಮೇಲೆ ಶೇ. 18 ಹಾಕಿದ್ದಾರೆ, 51,920 ಅಂದರೆ ಅದೇ. ಬಾರಿನ ಲೆಕ್ಕ ಎಲ್ಲಿಗೆ ಹೋಯಿತು ಅಂತ ಕೇಳಿ.

ಪೆರ್ಲದ ಅಕ್ಕ: ‘ಪಪ್ಪಾಯಿ’ ಓದಿ ನಗು ಬಂತು ಮಾರಾಯ್ತಿ. ನಮ್ಮ ತೋಟದಲ್ಲಿ ಹಕ್ಕಿ ತಿಂದು ಬಿಟ್ಟದ್ದೇ ರಾಶಿ ಉಂಟು. ಬಂದಿದ್ದರೆ ಫ್ರೀ ಕೊಡುತ್ತಿದ್ದೆ.

ಫ್ರಂಟ್ ಆಫೀಸ್: ಮಾಣಿಯವರ ಲೆಕ್ಕ ಕೇಳಲಿಕ್ಕೆ ಚಂದ. ನಾನು ಮಾಲ್ಡೀವ್ಸ್ ರೆಸಾರ್ಟಿನಲ್ಲಿ ಕೆಲಸ ಮಾಡುವವನು. ಆಲ್ ಇನ್‌ಕ್ಲೂಸಿವ್ ರೇಟ್ ಮಾಡುವುದೇ ಸರಾಸರಿ ಮೇಲೆ. ಒಬ್ಬ ಜಾಸ್ತಿ ಕುಡಿಯುತ್ತಾನೆ, ಒಬ್ಬ ಕುಡಿಯುವುದಿಲ್ಲ, ಒಬ್ಬಳು ಎರಡು ತುಂಡು ಪಪ್ಪಾಯಿ ತಿಂದು ಏಳುತ್ತಾಳೆ. ಆ ಮೂರನೆಯವಳಿಂದಲೇ ಹೋಟೆಲಿಗೆ ಲಾಭ. ಒಳಗೆ ಹೋದ ಮೇಲೆ ಯಾರು ಎಷ್ಟು ಅಂತ ಯಾರೂ ಎಣಿಸುವುದಿಲ್ಲ. ಬುಕ್ ಮಾಡುವಾಗ ಸುಮ್ನೆ ಇದ್ದು ಈಗ ತಕ್ಕಡಿ ಹಿಡಿದರೆ ಹೇಗೆ?

ನೀರ್ಚಾಲಿನವಳು: ಬುಕ್ ಮಾಡಿದ್ದು ನಾನಲ್ಲ, ಅವಳು. ನನಗೆ ಫೋಟೋ ಕಳಿಸಿ ‘ಎಲ್ಲ ಸೇರಿ’ ಅಂದಳು. ಮಸಾಜಿಗೆ ಬೇರೆ ದುಡ್ಡು, ಬೋಟಿಗೆ ಬೇರೆ, ರೂಮಿನ ಫ್ರಿಜ್ಜಿನಲ್ಲಿದ್ದ ಚಾಕೊಲೇಟಿಗೂ ಬೇರೆ. ಸೇರಿದ್ದು ಏನು ಅಂತ ಹೋದ ಮೇಲೆ ಗೊತ್ತಾಯಿತು.

ಕಾಸರಗೋಡು ಟು ಬೆಂಗಳೂರು: ‘ಫೋಟೋ ಕಳಿಸಿ’ ಅಂದರಲ್ಲ, ಅಲ್ಲೇ ನಿಮ್ಮ ಕೇಸ್ ಬಿತ್ತು. ಫೋಟೋ ನೋಡಿ ಹೂಂ ಅಂದಿದ್ದೀರಿ, ಹೂಂ ಅಂದರೆ ಅರ್ಧ. ಮತ್ತೆ ಈ ಡ್ರೈ ಡೇ ನಾಟಕ ಕೇರಳದವರದ್ದೇ. ಬೆಂಗಳೂರಲ್ಲಿ ಆಗಿದ್ದರೆ ಈ ಪ್ರಶ್ನೆಯೇ ಇಲ್ಲ. ತೆರಿಗೆಯೂ ಶೇ. 18 ಅಲ್ಲ, ದೊಡ್ಡ ರೂಮಿಗೆ ಶೇ. 28. ಮಾಣಿ ತಪ್ಪು ಹೇಳಿದ್ದಾರೆ.

ಲೆಕ್ಕದ ಮಾಣಿ: ಶೇ. 28 ಇದ್ದದ್ದು 2017ರಲ್ಲಿ ಜಿಎಸ್‌ಟಿ ಬಂದಾಗ. 2019ರ ಅಕ್ಟೋಬರ್ 1ರಿಂದ ಶೇ. 18. ಬೆಂಗಳೂರಲ್ಲಿ ಪೇಪರ್ ಬರುವುದಿಲ್ಲವಾ?

ಕಾಸರಗೋಡು ಟು ಬೆಂಗಳೂರು: ನಿಮ್ಮ ಕೇರಳದ ಪೇಪರ್ ನಮಗೆ ಯಾಕೆ?

ಮಂಜೇಶ್ವರದ ಮಾಸ್ಟ್ರು: ಐವತ್ತೆರಡು ಸಾವಿರಕ್ಕೆ ಬಫೆ ತಿಂದು ಬಂದು ಜಗಳ. ಪಕ್ಕದಲ್ಲೇ ನಮ್ಮ ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ ಕೋಟೆ ಉಂಟು. 40 ಎಕರೆ. ಮೂರು ಕಡೆ ಸಮುದ್ರ. ಕೆಲವು ರೂಪಾಯಿ ಟಿಕೆಟ್ ಅಷ್ಟೆ. ಅದನ್ನು ನೋಡಿದಿರಾ ಎಂದು ಒಬ್ಬರಾದರೂ ಕೇಳಿದಿರಾ? ರಾಜ್ಯಗಳ ಗಡಿ ವಿವಾದದ ಮಹಾಜನ ವರದಿ ಜಾರಿಗೆ ಬಂದು ಕಾಸರಗೋಡು ಕರ್ನಾಟಕಕ್ಕೆ ಸೇರಿದ್ದರೆ ಬೇಕಲದಲ್ಲಿ ಈ ಡ್ರೈ ಡೇಯೂ ಇರುತ್ತಿರಲಿಲ್ಲ, ಕೋಟೆಯ ಬಗ್ಗೆ ಈ ಅಸಡ್ಡೆಯೂ ಇರುತ್ತಿರಲಿಲ್ಲ.

ಉದುಮದವ: ‘ಕಟ್ಟಿಸಿದ’ ಅಂದಿರಲ್ಲ ಮಾಸ್ಟ್ರೇ, ಅದು ಅಷ್ಟು ಖಚಿತವಾ? ನಾಯಕರು ಬರುವ ಮೊದಲು ಈ ಕಡೆ ಕೋಲತ್ತಿರಿ ರಾಜರ ಆಳ್ವಿಕೆ. ಆಗಲೇ ಇಲ್ಲಿ ಕೋಟೆ ಇತ್ತು, ಶಿವಪ್ಪ ನಾಯಕ ಅದನ್ನು ದೊಡ್ಡದು ಮಾಡಿಸಿ ಗಟ್ಟಿ ಮಾಡಿಸಿದ ಅಂತಲೂ ಹೇಳುವವರಿದ್ದಾರೆ. ನಮ್ಮ ಅಜ್ಜನೂ ಹಾಗೇ ಹೇಳುತ್ತಿದ್ದರು.

ಮಂಜೇಶ್ವರದ ಮಾಸ್ಟ್ರು: ಅಜ್ಜ ಹೇಳಿದ್ದು ಚರಿತ್ರೆಯಾಗುತ್ತದಾ? ಹೊಸದುರ್ಗ, ಚಂದ್ರಗಿರಿ, ಬೇಕಲ, ಇಡೀ ಸಾಲು ಇಕ್ಕೇರಿಯವರದ್ದು, ಅಂದರೆ ಕೆಳದಿ ನಾಯಕರದ್ದು. ಕೋಟೆಯ ಬಾಗಿಲಲ್ಲೇ ಮುಖ್ಯಪ್ರಾಣನ ಗುಡಿ ಉಂಟು. ಕೋಲತ್ತಿರಿಯವರು ಆಂಜನೇಯನನ್ನು ಬಾಗಿಲಿಗೆ ಕೂರಿಸುತ್ತಿದ್ದರಾ?

ಉದುಮದವ: ಗುಡಿ ನೋಡಿದವರಿಗೆ ಪಕ್ಕದಲ್ಲಿರುವ ಹಳೆಯ ಮಸೀದಿ ಕಾಣಲಿಲ್ಲ. ಅದನ್ನು ಟಿಪ್ಪು ಕಟ್ಟಿಸಿದ್ದು ಅನ್ನುತ್ತಾರೆ. ಹಾಗಾದರೆ ಕೋಟೆಯೂ ಟಿಪ್ಪುವಿನದ್ದಾ? ನಿಮ್ಮದೇ ಲೆಕ್ಕ ನಾನು ಹಾಕಿದ್ದು.

ಮಂಜೇಶ್ವರದ ಮಾಸ್ಟ್ರು: ಟಿಪ್ಪುವನ್ನು ಯಾಕೆ ಎಳೆದಿರಿ? ಅವನ ಅಪ್ಪ ಹೈದರ್ ಕೆಳದಿಯವರ ರಾಜಧಾನಿ ಬಿದನೂರು ಹಿಡಿದದ್ದು 1763ರಲ್ಲಿ. ಕೋಟೆ ಅದಕ್ಕೆ ಮೊದಲೇ ನೂರು ವರ್ಷ ನಿಂತಿತ್ತು. ಬೇರೆಯವರ ಮನೆಗೆ ಬಂದು ಕೂತವನು ಮನೆ ಕಟ್ಟಿದವನಾಗುವುದಿಲ್ಲ.

ಉದುಮದವ: ಅದನ್ನೇ ನಾನೂ ಹೇಳುತ್ತಿರುವುದು ಮಾಸ್ಟ್ರೇ 😄 ನಾಯಕರಿಗೂ ಅದೇ ಮಾತು.

ಪೆರ್ಲದ ಅಕ್ಕ: ಅಯ್ಯೋ ದೇವರೇ. ಆ ಹುಡುಗಿ ಬಿಯರಿನ ದುಡ್ಡು ಕೇಳಿದರೆ ಇವರು ಬಿದನೂರಿಗೆ ಹೋದರು.

ಮಂಜೇಶ್ವರದ ಮಾಸ್ಟ್ರು: ನಗುವವರು ನಗಲಿ. ಗಡಿನಾಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಕಲಿತು ಕೋಟೆ ನಮ್ಮದು ಎನ್ನಲು ನಾಚಿಕೆ ಪಡುವವರ ಜೊತೆ ನನಗೆ ಮಾತಿಲ್ಲ. ಗೋವಿಂದ ಪೈಗಳ ಮಂಜೇಶ್ವರದವನು ನಾನು. ಮಹಾಜನ ವರದಿ 1967ರಲ್ಲಿ ಸ್ಪಷ್ಟವಾಗಿ ಕಾಸರಗೋಡು ಮೈಸೂರಿಗೆ ಸೇರಬೇಕು ಎಂದಿದೆ. ಬೇಕಲವೂ ಅದರಲ್ಲಿ ಬಂತು.

ಲೆಕ್ಕದ ಮಾಣಿ: ಬರಲಿಲ್ಲ. ಮಹಾಜನ ವರದಿ ಹೇಳಿದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮಾತ್ರ. ಬೇಕಲ ಇರುವುದು ಹೊಳೆಯ ದಕ್ಷಿಣಕ್ಕೆ. ವರದಿ ಅಕ್ಷರಕ್ಕೆ ಅಕ್ಷರ ಜಾರಿಯಾಗಿದ್ದರೂ ಬೇಕಲದಲ್ಲಿ ಒಂದನೇ ತಾರೀಕು ಬಾರ್ ಬಂದೇ.

ಉದುಮದವ: ಮಾಣಿಗೆ ನನ್ನ ಲೆಕ್ಕದಲ್ಲಿ ಒಂದು ಮಾಕ್‌ಟೇಲ್.

ಮಂಜೇಶ್ವರದ ಮಾಸ್ಟ್ರು: ಹೊಳೆಯ ದಕ್ಷಿಣಕ್ಕೆ ಇರುವವರು ಕನ್ನಡ ಮಾತಾಡುವುದಿಲ್ಲವಾ? ಕಾಞಂಗಾಡಿನಲ್ಲಿ ಕನ್ನಡದವರ ಮನೆ ಎಷ್ಟು ಉಂಟು ಅಂತ ನಿಮಗೆ ಗೊತ್ತುಂಟಾ? ಇಡೀ ತಾಲೂಕು ದಕ್ಷಿಣ ಕನ್ನಡದಲ್ಲಿ ಇತ್ತು 1956ರವರೆಗೆ. ಅದನ್ನು ಯಾಕೆ ಹೇಳುವುದಿಲ್ಲ?

ಲೆಕ್ಕದ ಮಾಣಿ: ನೀವು ‘ವರದಿ’ ಅಂದಿರಿ, ನಾನು ವರದಿ ಹೇಳಿದೆ. ಈಗ 1956 ಅನ್ನುತ್ತಿದ್ದೀರಿ.

ಕಾಸರಗೋಡು ಟು ಬೆಂಗಳೂರು: ಮಾಸ್ಟ್ರೇ ನಾನು ನಿಮ್ಮ ಕಡೆ. ಈ ಮಾಣಿ ಎಲ್ಲದಕ್ಕೂ ಸೊನ್ನೆ ಎಣಿಸುವ ಜನ. ಶೇ. 28 ಬಗ್ಗೆಯೂ ಹೀಗೇ ವಾದ ಮಾಡಿದ.

ಫ್ರಂಟ್ ಆಫೀಸ್: ಯಾರಾದರೂ ವಿಷಯಕ್ಕೆ ಬನ್ನಿ. ಈ ಆಲ್ ಇನ್‌ಕ್ಲೂಸಿವ್ ಪದ್ಧತಿಯೇ ಯುರೋಪಿನವರದ್ದು. 1950ರಲ್ಲಿ ಕ್ಲಬ್ ಮೆಡ್ ಅಂತ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಶುರು ಮಾಡಿದರು. ಟೆಂಟಿನಲ್ಲಿ ಮಲಗುವುದು, ಒಟ್ಟಿಗೆ ಉಣ್ಣುವುದು, ಮೊದಲೇ ಒಂದು ಮೊತ್ತ ಕಟ್ಟುವುದು. ಅಲ್ಲಿ ಯಾರೂ ಗೆಳತಿಯ ಜೊತೆ ಚೌಕಾಸಿ ಮಾಡುತ್ತಿರಲಿಲ್ಲ. ಖರ್ಚಿನ ಮಾತು ಮರೆಯುವುದಕ್ಕೇ ಅದು ಇರುವುದು.

ಲೆಕ್ಕದ ಮಾಣಿ: ‘ಕ್ಲಬ್ ಮೆಡ್’ ಒಳ್ಳೆಯದಾಯಿತು, ನೀವೇ ತಂದಿರಿ. ಅಲ್ಲಿ ಊಟ ಸೇರಿತ್ತು, ಬಾರು ಸೇರಿರಲಿಲ್ಲ. ಬಹಳ ಕಾಲ ಬಾರಿನಲ್ಲಿ ಮಣಿ ಕೊಟ್ಟು ಕುಡಿಯಬೇಕಿತ್ತು. ಕುತ್ತಿಗೆಗೆ ಹಾಕಿಕೊಂಡ ಸರದಿಂದ ಮಣಿ ಬಿಚ್ಚಿ ಕೊಡುವುದು. ಅಂದರೆ ಈ ಪದ್ಧತಿ ಶುರು ಮಾಡಿದವರೇ ಕುಡಿದವನೇ ಕೊಡಲಿ ಅಂದರು. ನಾನು ಹೇಳಿದ್ದೂ ಅದೇ.

ಫ್ರಂಟ್ ಆಫೀಸ್: ಅದು ಹಳೇ ಕತೆ. ಈಗ ಜಗತ್ತಿನಲ್ಲಿ ಎಲ್ಲೂ ಮಣಿ ಇಲ್ಲ. ಮಾಲ್ಡೀವ್ಸಿಗೆ ಬಂದು ನೋಡಿ. ಊರ ಜನ ಇರುವ ದ್ವೀಪದಲ್ಲಿ ಒಂದು ಹನಿ ಮದ್ಯ ಸಿಗುವುದಿಲ್ಲ, ರೆಸಾರ್ಟಿನ ಒಳಗೆ ಮಾತ್ರ. ಹಾಗಾಗಿ ಪ್ಯಾಕೇಜಿಗೆ ಬೆಲೆ. ಬೇಕಲದಲ್ಲಿ ಮೂವತ್ತು ದಿನಕ್ಕೆ ಒಂದು ದಿನ ಬಾರ್ ಇಲ್ಲ ಅಂತ ಅಳುವವರು ಅಲ್ಲಿ ಒಮ್ಮೆ ಉಳಿಯಬೇಕು.

ನೀರ್ಚಾಲಿನವಳು: ‘ಅಳುವವರು’ ಅಂದಿರಲ್ಲ, ನಾನು ಕುಡಿಯುವವಳೇ ಅಲ್ಲ. ಬಾರ್ ಬಂದಾಗಿದ್ದಕ್ಕೆ ನಾನು ಅಳಲಿಲ್ಲ. ಬಂದಾದ ಬಾರಿಗೂ ದುಡ್ಡು ತೆಗೆದುಕೊಂಡರು, ಅದು ಕೇಳಿದ್ದು. ಒಂದನೇ ತಾರೀಕು ಪ್ರತಿ ತಿಂಗಳೂ ಬರುತ್ತದೆ. ರೆಸಾರ್ಟಿನವರಿಗೆ ಅದು ಮೊದಲೇ ಗೊತ್ತಿರಲಿಲ್ಲವಾ?

ಉದುಮದವ: ಇದು ನ್ಯಾಯದ ಮಾತು ತಂಗಿ. ಆದರೆ ಜುಲೈಯಲ್ಲಿ ಸಮುದ್ರದ ಬದಿಗೆ ಹೋಗಿದ್ದೀರಿ, ಅಲ್ಲೇ ತಪ್ಪಿದ್ದು. ಮಳೆಗಾಲದಲ್ಲಿ ಕಡಲಿಗೆ ಇಳಿಯಲಿಕ್ಕೆ ಯಾರೂ ಬಿಡುವುದಿಲ್ಲ. ಕಿಟಕಿಯಿಂದ ಸಮುದ್ರ ನೋಡಲಿಕ್ಕೆ 22 ಸಾವಿರವಾ? ನಮ್ಮ ಕಪ್ಪಿಲ್ ಬೀಚಿಗೆ ಬನ್ನಿ, ಟಿಕೆಟ್ ಇಲ್ಲ, ಅದೇ ಸಮುದ್ರ, ಅದೇ ಮಳೆ.

ನೀರ್ಚಾಲಿನವಳು: ಹೌದು, ಕೆಂಪು ಬಾವುಟ ಹಾಕಿದ್ದರು. ಗೆಳತಿಗೆ ಮೀನಿನದೇ ಬೇಜಾರು. ಎದುರಲ್ಲಿ ಅರಬ್ಬಿ ಸಮುದ್ರ, ತಟ್ಟೆಯಲ್ಲಿ ಸಾಕಣೆಯ ಬಾಸಾ ಮೀನು. ಊರಿನ ಬೂತಾಯಿ ಮೀನು ಕೇಳಿದಳು, ಇಲ್ಲ ಅಂದರು.

ಉದುಮದವ: ಅದಕ್ಕೆ ಕಾರಣ ಉಂಟು. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್, ಅಂದರೆ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. 52 ದಿನ. ದೊಡ್ಡ ಬೋಟು ಹೋಗುವುದಿಲ್ಲ. ಮೀನು ಮೊಟ್ಟೆ ಇಡುವ ಕಾಲ.

ಕಾಸರಗೋಡು ಟು ಬೆಂಗಳೂರು: ಅಂದರೆ ಮೀನು ಇಲ್ಲ, ಮದ್ಯ ಇಲ್ಲ, ಸಮುದ್ರ ಸ್ನಾನ ಇಲ್ಲ. ಕೇರಳ ಟೂರಿಸಂ ಸೂಪರ್ 👏

ಉದುಮದವ: ‘ಮೀನು ಇಲ್ಲ’ ಅಂತ ನಾನೆಲ್ಲಿ ಹೇಳಿದೆ? ಸಣ್ಣ ದೋಣಿಯ ತೋಣಿಯವರು ಹೋಗುತ್ತಾರೆ, ಅವರಿಗೆ ನಿಷೇಧ ಇಲ್ಲ. ಪಳ್ಳಿಕ್ಕೆರೆಯಲ್ಲಿ ಬೆಳಿಗ್ಗೆ ಹೋದರೆ ತಾಜಾ ಬೂತಾಯಿ ಸಿಕ್ಕೀತು. ರೆಸಾರ್ಟಿನವರಿಗೆ ಮುಳ್ಳಿಲ್ಲದ ಮೀನು ಬೇಕು, ಒಂದೇ ಅಳತೆಯ ತುಂಡು ಬೇಕು, ಹಾಗಾಗಿ ಬಾಸಾ. ಕರ್ನಾಟಕದಲ್ಲೂ ಮಳೆಗಾಲದಲ್ಲಿ ನಿಷೇಧ ಉಂಟಲ್ಲ. ಮಂಗಳೂರಿನ ಬೋಟುಗಳು ಆಗ ಧಕ್ಕೆಯಲ್ಲೇ ಇರುತ್ತವೆ.

ಮಂಜೇಶ್ವರದ ಮಾಸ್ಟ್ರು: ಮೀನಿನ ವಿಷಯ ಚೆನ್ನಾಗಿ ಗೊತ್ತುಂಟು, ಕೋಟೆಯ ವಿಷಯದಲ್ಲಿ ಮಾತ್ರ ‘ಅನ್ನುತ್ತಾರೆ’. ಕೋಟೆ ಕೋಲತ್ತಿರಿಯವರದ್ದು ಎಂಬುದಕ್ಕೆ ಒಂದು ಶಾಸನ ತೋರಿಸಿ. ಒಂದೇ ಒಂದು.

ಉದುಮದವ: ನೀವು 1650ರದ್ದು ತೋರಿಸಿ ಮಾಸ್ಟ್ರೇ, ಮತ್ತೆ ನಾನು ಹುಡುಕುತ್ತೇನೆ.

ಮಂಜೇಶ್ವರದ ಮಾಸ್ಟ್ರು: ಪುರಾತತ್ವ ಇಲಾಖೆಯವರು ಅಗೆದಾಗ ಇಕ್ಕೇರಿ ಕಾಲದ ಕಟ್ಟಡಗಳು ಸಿಕ್ಕಿವೆ. ಅಷ್ಟು ಸಾಕು.

ಉದುಮದವ: ಟಿಪ್ಪು ಕಾಲದ್ದೂ ಸಿಕ್ಕಿದೆ. ಅದನ್ನು ಬಿಟ್ಟಿರಿ.

ಮಂಜೇಶ್ವರದ ಮಾಸ್ಟ್ರು: ನಾನು ಬಿಟ್ಟದ್ದಲ್ಲ, ಅದು ಇಲ್ಲಿ ಅಗತ್ಯವಿಲ್ಲ. ನೀವು ಬೇಕಂತಲೇ ಕೆಣಕುತ್ತಿದ್ದೀರಿ. ನನ್ನ ವಯಸ್ಸಿಗಾದರೂ ಮರ್ಯಾದೆ ಕೊಡಿ.

ಪೆರ್ಲದ ಅಕ್ಕ: ಮಾಸ್ಟ್ರೇ, ಅವರು ಮೊದಲಿಂದಲೂ ‘ಮಾಸ್ಟ್ರೇ, ಮಾಸ್ಟ್ರೇ’ ಅಂತಲೇ ಮಾತಾಡುತ್ತಿದ್ದಾರೆ. ಕೋಪ ನಿಮಗೊಬ್ಬರಿಗೇ ಬಂದದ್ದು. ಒಂದು ಲೋಟ ಮಜ್ಜಿಗೆ ಕುಡಿಯಿರಿ. ನೀರ್ಚಾಲಿನವಳೇ, ನೀನು ಕೇಳು. ಅವಳು ನಿನ್ನ ಮನೆಗೆ ಬಂದವಳು ಅಲ್ವಾ? ಊರಿಗೆ ಬಂದ ಗೆಳತಿಯ ಹತ್ತಿರ ಬಿಯರಿನ ಲೆಕ್ಕ ಕೇಳುತ್ತಾರಾ? ನಮ್ಮ ಕಾಲದಲ್ಲಿ ಬಂದವರಿಗೆ ಬಸ್ ಟಿಕೆಟ್ಟೂ ನಾವೇ ತೆಗೆಯುತ್ತಿದ್ದೆವು.

ನೀರ್ಚಾಲಿನವಳು: ಅಕ್ಕ, ಬಸ್ ಟಿಕೆಟ್ ನಾನು ತೆಗೆದೆ. ರೈಲಿನದ್ದೂ ತೆಗೆದೆ. ಕೇಳುತ್ತಿರುವುದು ಬಸ್ಸಿನದ್ದಲ್ಲ. ಮಾಣಿಯವರು ಹೇಳಿದ ಹಾಗೆ ನೋಡಿದೆ. ಊಟ ಮಾತ್ರ ಸೇರಿದ ರೇಟು ರಾತ್ರಿಗೆ 17 ಸಾವಿರ ಇತ್ತು.

ಲೆಕ್ಕದ ಮಾಣಿ: ಆಯಿತಲ್ಲ. ವ್ಯತ್ಯಾಸ ರಾತ್ರಿಗೆ 5 ಸಾವಿರ, ಎರಡು ರಾತ್ರಿಗೆ 10, ತೆರಿಗೆ ಸೇರಿ 11,800. ಅದು ಅವಳದು. ಉಳಿದದ್ದು 40,120, ಅದರ ಅರ್ಧ 20,060. ನೀವು ಅಷ್ಟು ಕೊಡಿ.

ಕಾಸರಗೋಡು ಟು ಬೆಂಗಳೂರು: 11,800 ಪೂರ್ತಿ ಅವಳದು ಹೇಗೆ? ಎರಡನೇ ರಾತ್ರಿ ಅವಳೂ ಕುಡಿಯಲಿಲ್ಲ. ಡ್ರೈ ಡೇ. ಆ ರಾತ್ರಿಯ 5,900 ಇಬ್ಬರಿಗೂ ಸಮ ನಷ್ಟ. ಅದನ್ನು ಅರ್ಧ ಮಾಡಬೇಕು.

ಲೆಕ್ಕದ ಮಾಣಿ: ಬಾರು ಬೇಕು ಅಂದವಳು ಅವಳು, ತಾರೀಕು ನೋಡಬೇಕಾದವಳೂ ಅವಳೇ.

ಕಾಸರಗೋಡು ಟು ಬೆಂಗಳೂರು: ಬೆಂಗಳೂರಿನವಳಿಗೆ ಕೇರಳದ ಡ್ರೈ ಡೇ ಹೇಗೆ ಗೊತ್ತಾಗಬೇಕು? ನೀರ್ಚಾಲಿನವಳಿಗೆ ಗೊತ್ತಿತ್ತು, ಪೋಸ್ಟಿನಲ್ಲೇ ‘ಅಲ್ವಾ’ ಅಂತ ಬರೆದಿದ್ದಾರೆ. ಗೊತ್ತಿದ್ದೂ ಹೇಳಲಿಲ್ಲ. ನನ್ನ ಪ್ರಕಾರ ಆ 5,900 ಇವರೇ ಹಾಕಬೇಕು.

ನೀರ್ಚಾಲಿನವಳು: ಏನು? ಕುಡಿಯದ ನಾನು ಬಂದಾದ ಬಾರಿಗೆ ಪೂರ್ತಿ ಹಾಕಬೇಕಾ?

ಫ್ರಂಟ್ ಆಫೀಸ್: ಇದಕ್ಕೇ ನಾನು ಮೊದಲೇ ಅಂದದ್ದು, ಅರ್ಧರ್ಧ ಹಾಕಿ ಮುಗಿಸಿ.

ಮಂಜೇಶ್ವರದ ಮಾಸ್ಟ್ರು: ‘ಮುಗಿಸಿ’ ಎಂದರೆ ಮುಗಿಯುವುದಿಲ್ಲ. ಉದುಮದವರು ಇನ್ನೂ ಶಾಸನ ತೋರಿಸಿಲ್ಲ. ನಾನು ಕಾಯುತ್ತಿದ್ದೇನೆ.

ಉದುಮದವ: ಮಾಸ್ಟ್ರೇ, ಭಾನುವಾರ ಪಳ್ಳಿಕ್ಕೆರೆಗೆ ಬನ್ನಿ. ಕೋಟೆಯ ಟಿಕೆಟ್ ನಾನು ತೆಗೆಯುತ್ತೇನೆ. ಅರ್ಧ ಕೇಳುವುದಿಲ್ಲ.

ಮಂಜೇಶ್ವರದ ಮಾಸ್ಟ್ರು: ನನ್ನ ಟಿಕೆಟ್ ನಾನೇ ತೆಗೆಯುತ್ತೇನೆ. ಶಾಸನ ತನ್ನಿ.