ಸೋಹಂ ಮಂತ್ರದ ಆಡಿಯೋ ಜೊತೆ ಉಸಿರಾಡಿದರೆ ತಲೆ ಹಗುರಾಗುತ್ತದೆ, ಯಾಕೆ?

ಪ್ರಶ್ನೆ: 4 ಎಣಿಕೆ ಒಳಕ್ಕೆ, 6 ಎಣಿಕೆ ಹೊರಕ್ಕೆ. ಐದೇ ನಿಮಿಷಕ್ಕೆ ಬೆರಳೂ ಜುಮ್ಮೆನ್ನುತ್ತದೆ.

ಉತ್ತರ 1: ನಿಧಾನವಾದರೂ ವಿಪರೀತ ಆಳವಾಗಿ ಎಳೆಯುತ್ತಿರಬೇಕು. ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋದರೆ ಮೆದುಳಿನ ರಕ್ತನಾಳ ಕುಗ್ಗುತ್ತವೆ, ತಲೆ ಹಗುರಾಗುತ್ತದೆ. ಎದೆ ಎತ್ತಬೇಡಿ, ಹೊಟ್ಟೆ ತುಸುವೇ ಉಬ್ಬಲಿ; ಉಸಿರಿನ ಸದ್ದು ನಿಮಗೇ ಕೇಳಬಾರದು. ಜುಮ್ಮೆಂದ ಕೂಡಲೇ ಎಣಿಕೆ ಬಿಟ್ಟು ಸಹಜವಾಗಿ ಉಸಿರಾಡಿ.

ಉತ್ತರ 2: ಆಡಿಯೋದ ವೇಗವನ್ನೂ ನೋಡಿ. ಒಂದು ಸುತ್ತು ಉಸಿರಿಗೆ 10 ಸೆಕೆಂಡ್ ಅಂದರೆ ನಿಮಿಷಕ್ಕೆ 6 ಉಸಿರು, ಹೊಸಬರಿಗೆ ಕಷ್ಟವೇ. ಮೊದಲು 3 ಎಣಿಕೆ ಒಳಕ್ಕೆ, 4 ಎಣಿಕೆ ಹೊರಕ್ಕೆ ಸಾಕು. ‘ಸೋ’ ಒಳಕ್ಕೆ, ‘ಹಂ’ ಹೊರಕ್ಕೆ, ಮನಸ್ಸಿನಲ್ಲೇ. ವಾಲ್ಯೂಮ್ ಸಣ್ಣಗಿಡಿ, ಜೋರಾದರೆ ಉಸಿರು ಅದರ ಹಿಂದೆ ಓಡುತ್ತದೆ.

ಉತ್ತರ 3: ಫೈಲ್ ಡೌನ್‌ಲೋಡ್ ಮಾಡಿಕೊಳ್ಳಿ, ನಡುವೆ ಜಾಹೀರಾತು ಬಂದರೆ ತಾಳ ಕೆಡುತ್ತದೆ. ಬಿಪಿ ಇರುವವರು, ಗರ್ಭಿಣಿಯರು ಕುಂಭಕ (ಉಸಿರು ಹಿಡಿದಿಡುವುದು) ಸೇರಿಸಲೇಬೇಡಿ.